ಕಂಗ್ಲಾ ಗೇಟಿನ ಕ್ರೆಡಿಟ್ ಯಾರಿಗೆ? ಮಣಿಪುರದ ‘ದ್ರೌಪದಿ’ ನಾಟಕದ ಕತೆ

ಇವತ್ತಿನ ಸಂಚಿಕೆ ಒಂದು ನಾಟಕದ ಬಗ್ಗೆ. ನಾಟಕ ನೋಡಿ ಬಂದವರನ್ನು ನಾವು ಮೊದಲು ಕೇಳೋದು ‘ಡೈಲಾಗ್ ಹೇಗಿತ್ತು?’ ಅಂತ. ಕಂಪನಿ ನಾಟಕಗಳ ಕಾಲದಿಂದ ಬಂದ ಅಭ್ಯಾಸ ಅದು. ನಾನು ಹೇಳಹೊರಟಿರುವ ನಾಟಕದಲ್ಲಿ ಡೈಲಾಗ್ ಬಹಳ ಕಡಿಮೆ. ಇರುವ ನಾಲ್ಕು ಮಾತೂ ಮಣಿಪುರಿಯಲ್ಲಿದೆ. ಆದರೂ ಅದನ್ನು ನೋಡಿದವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

2000ನೇ ಇಸವಿಯ ಏಪ್ರಿಲ್‌ನಲ್ಲಿ ಇಂಫಾಲದಲ್ಲಿ ‘ದ್ರೌಪದಿ’ ಅನ್ನುವ ನಾಟಕ ರಂಗಕ್ಕೆ ಬಂತು. ನಿರ್ದೇಶಕರು ಹೈಸ್ನಾಂ ಕನ್ಹೈಲಾಲ್. ಮುಖ್ಯ ಪಾತ್ರದಲ್ಲಿ ಅವರ ಹೆಂಡತಿ ಸಾಬಿತ್ರಿ, ಆಗಲೇ ಐವತ್ತು ದಾಟಿದ್ದ ನಟಿ. ನಾಟಕದ ಕೊನೆಯಲ್ಲಿ, ಸೈನಿಕರ ಅತ್ಯಾಚಾರಕ್ಕೆ ಒಳಗಾದ ಹೆಂಗಸು ಮೈಮೇಲಿನ ಬಟ್ಟೆ ಕಿತ್ತೆಸೆದು ಸೇನಾಧಿಕಾರಿಯ ಎದುರು ನಿಲ್ಲುತ್ತಾಳೆ. ಊರಲ್ಲಿ ಗಲಾಟೆಯಾಯಿತು. ಇದು ಮಣಿಪುರಿ ಹೆಣ್ಣುಮಕ್ಕಳಿಗೆ ಅವಮಾನ ಅಂದವರೂ ಇದ್ದರು. ನಾಲ್ಕು ವರ್ಷ ಕಳೆಯಿತು. 2004ರ ಜುಲೈ 15ರಂದು ಅದೇ ಇಂಫಾಲದ ಕಂಗ್ಲಾ ಕೋಟೆಯ ಪಶ್ಚಿಮ ಗೇಟಿನ ಮುಂದೆ ಹನ್ನೆರಡು ಹೆಂಗಸರು ಬಟ್ಟೆ ಕಳಚಿ ನಿಂತರು. ಅದು ನಾಟಕ ಆಗಿರಲಿಲ್ಲ.

ಅವತ್ತಿನಿಂದ ಒಂದು ಕತೆ ಓಡಾಡ್ತಾ ಇದೆ. ನಾಟಕ ಇದನ್ನು ಮೊದಲೇ ಕಂಡಿತ್ತು, ನಾಟಕವೇ ಆ ಹೆಂಗಸರಿಗೆ ದಾರಿ ತೋರಿಸಿತು ಅಂತ. ಕೇಳೋಕೆ ಚೆನ್ನಾಗಿದೆ. ರಂಗಭೂಮಿಯನ್ನು ಪ್ರೀತಿಸುವವರಿಗೆ ಇನ್ನೂ ಚೆನ್ನಾಗಿರುತ್ತೆ. ನಾನು ಬಿ.ಕಾಂ ಓದಿದವನು; ಯಾರಾದರೂ ‘ಕ್ರೆಡಿಟ್’ ಅಂದ ಕೂಡಲೇ ‘ಯಾರ ಖಾತೆಗೆ?’ ಅಂತ ಕೇಳುವ ಚಟ ಇನ್ನೂ ಹೋಗಿಲ್ಲ. ಈ ಎಂಟ್ರಿ ತಪ್ಪು ಖಾತೆಗೆ ಬಿದ್ದಿದೆ ಅನ್ನೋದು ನನ್ನ ವಾದ. ಅದನ್ನು ಹೇಳೋಕೆ ಸ್ವಲ್ಪ ಹಿಂದಕ್ಕೆ, 1968ರ ದೆಹಲಿಗೆ ಹೋಗಬೇಕು.

ಇಂಫಾಲದ ಹುಡುಗ ಕನ್ಹೈಲಾಲ್ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿದರು. ಆಗ ಅದರ ನಿರ್ದೇಶಕರು ಇಬ್ರಾಹಿಂ ಅಲ್ಕಾಜಿ. ಪಾಠ ನಡೆಯುತ್ತಿದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮಣಿಪುರಿ ಆಗಿನ್ನೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲೇ ಇರಲಿಲ್ಲ. ಅದು ಸೇರಿದ್ದು 1992ರಲ್ಲಿ. ಎರಡೂ ಭಾಷೆಗಳಲ್ಲಿ ಪಾಠದ ಜೊತೆ ಏಗಲಾರದ ಈ ವಿದ್ಯಾರ್ಥಿ ಕೋರ್ಸ್ ಮುಗಿಸದೆ ಹೊರಬಿದ್ದರು. ಊರಿಗೆ ವಾಪಸ್ ಬಂದು 1969ರಲ್ಲಿ ಕಲಾಕ್ಷೇತ್ರ ಮಣಿಪುರ ಅನ್ನುವ ತಂಡ ಕಟ್ಟಿದರು.

ಹಳ್ಳಿಯಿಂದ ಬೆಂಗಳೂರಿಗೆ ಬಂದು, ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಲೆಕ್ಚರ್ ಕೇಳಿ ಹಿಂದಿನ ಬೆಂಚಿಗೆ ಸರಿದ ಎಷ್ಟೋ ಜನ ಈ ಎಪಿಸೋಡ್ ಕೇಳ್ತಾ ಇರ್ತೀರಿ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ. ನಾವು ಸಾಮಾನ್ಯವಾಗಿ ಆ ಭಾಷೆಯನ್ನು ಹೇಗಾದರೂ ಕಲಿತು ಒಳಗೆ ಹೋಗೋಕೆ ನೋಡ್ತೀವಿ. ಕನ್ಹೈಲಾಲ್ ಮಾತನ್ನೇ ಪಕ್ಕಕ್ಕಿಟ್ಟರು. ನಾಟಕಕ್ಕೆ ಮಾತು ಬೇಕೇ ಬೇಕು ಅಂತ ಹೇಳಿದವರು ಯಾರು, ಉಸಿರಿದೆ, ಬೆನ್ನುಮೂಳೆ ಇದೆ, ಕಾಲಿದೆ, ಗಂಟಲಿದೆ, ಇಷ್ಟರಲ್ಲೇ ಆಗಲ್ವಾ ಅಂತ ಕೇಳಿಕೊಂಡರು.

1970ರ ದಶಕದ ಆರಂಭದಲ್ಲಿ ಬಂಗಾಳದ ಬಾದಲ್ ಸರ್ಕಾರ್ ಇಂಫಾಲಕ್ಕೆ ಬಂದು ಅವರ ತಂಡಕ್ಕೆ ಒಂದು ಕಾರ್ಯಾಗಾರ ನಡೆಸಿದರು. ಬಾದಲ್ ಸರ್ಕಾರ್ ನಮಗೂ ಗೊತ್ತಿರುವ ಹೆಸರು. ಅವರ ‘ಏವಂ ಇಂದ್ರಜಿತ್’ ನಾಟಕವನ್ನು ಇಂಗ್ಲಿಷಿಗೆ ತಂದವರು ನಮ್ಮ ಗಿರೀಶ ಕಾರ್ನಾಡರು. ಸೆಟ್ಟು, ಲೈಟು, ಎತ್ತರದ ವೇದಿಕೆ ಎಲ್ಲ ಬಿಟ್ಟು ನಟ ಮತ್ತು ಪ್ರೇಕ್ಷಕ ಇಬ್ಬರೇ ಸಾಕು ಅನ್ನುವ ದಾರಿ ಬಾದಲ್‌ದಾ ಅವರದು. ಕನ್ಹೈಲಾಲ್‌ಗೆ ಅದು ಒಂದು ತಳ್ಳು ಕೊಟ್ಟಿತು. ಆಮೇಲೆ ಅವರು ಹೋದ ದಾರಿ ಅವರದೇ. ಪೋಲೆಂಡಿನ ಗ್ರೊಟೊವ್‌ಸ್ಕಿಯ ಜೊತೆ ಅವರನ್ನು ಹೋಲಿಸುವವರಿದ್ದಾರೆ. ಹೋಲಿಕೆ ಪೂರ್ತಿ ತಪ್ಪಲ್ಲ. ಆದರೆ ಪ್ರತಿ ಸಲವೂ ನಮ್ಮವರನ್ನು ಅಳೆಯೋಕೆ ಯುರೋಪಿನಿಂದಲೇ ಟೇಪು ತರಬೇಕಾ ಅಂತ ನನಗೆ ಅನ್ಸುತ್ತೆ.

ಅವರ ಹೆಸರು ಹೊರಗೆ ಬಂದದ್ದು 1975ರ ‘ಪೆಬೆತ್’ ನಾಟಕದಿಂದ. ಮಣಿಪುರದಲ್ಲಿ ಅಜ್ಜಿಯರು ಮಕ್ಕಳಿಗೆ ಒಲೆಯ ಮುಂದೆ ಹೇಳುವ ಕತೆಗಳಿಗೆ ‘ಫುಂಗಾ ವಾರಿ’ ಅಂತಾರೆ. ಪೆಬೆತ್ ಅಂಥದ್ದೊಂದು ಕತೆ. ಪೆಬೆತ್ ಅನ್ನೋದು ಪುಟ್ಟ ಹಕ್ಕಿ. ಅದರ ಮರಿಗಳ ಮೇಲೆ ಒಂದು ಬೆಕ್ಕಿನ ಕಣ್ಣು. ಬೆಕ್ಕು ಬಂದಾಗಲೆಲ್ಲ ತಾಯಿ ಹಕ್ಕಿ ಅದನ್ನು ಹೊಗಳಿ ಹೊಗಳಿ ಕಾಲ ತಳ್ಳುತ್ತದೆ. ಮರಿಗಳಿಗೆ ರೆಕ್ಕೆ ಬಲಿಯುವ ತನಕ ಹೊಗಳಿಕೆ. ಬಲಿತ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಸಣ್ಣ ಮಕ್ಕಳ ಕತೆ ಅಂತ ಕೇಳಬಹುದು. ಅಧಿಕಾರದ ಮುಂದೆ ಬಡವರು ದಿನಾ ಏನು ಮಾಡ್ತಾರೆ ಅನ್ನುವ ಕತೆ ಅಂತಲೂ ಕೇಳಬಹುದು.

ಕನ್ಹೈಲಾಲ್ ಆ ಬೆಕ್ಕಿಗೆ ವೈಷ್ಣವ ಸನ್ಯಾಸಿಯ ವೇಷ ಹಾಕಿದರು. ಇಲ್ಲಿ ಸ್ವಲ್ಪ ಇತಿಹಾಸ ಬೇಕು. 18ನೇ ಶತಮಾನದಲ್ಲಿ ರಾಜ ಗರೀಬ್ ನಿವಾಜ್ ಕಾಲದಲ್ಲಿ ವೈಷ್ಣವ ಧರ್ಮ ಮಣಿಪುರದ ರಾಜಧರ್ಮವಾಯಿತು. ಮೈತೇಯಿಗಳ ಹಳೆಯ ಗ್ರಂಥಗಳನ್ನು ಸುಡಿಸಿದ ನೆನಪು ಅಲ್ಲಿ ಇವತ್ತಿಗೂ ಇದೆ. ಮುಂದೆ 1949ರಲ್ಲಿ ಮಣಿಪುರ ಭಾರತದಲ್ಲಿ ವಿಲೀನವಾಯಿತು. ಆ ಒಪ್ಪಂದಕ್ಕೆ ರಾಜರ ಸಹಿ ಹೇಗೆ ಬಿತ್ತು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಾಟಕದ ನಡುವೆ ಕನಸಿನಂಥ ಒಂದು ಭಾಗ ಬರುತ್ತದೆ. ಅಲ್ಲಿ ಬೆಕ್ಕು ಮರಿಗಳನ್ನು ತನ್ನ ತಾಳಕ್ಕೆ ಕುಣಿಸುತ್ತದೆ, ಒಂದರ ಮೇಲೊಂದನ್ನು ಎತ್ತಿಕಟ್ಟುತ್ತದೆ. ನೋಡಿದ ಕೆಲವರು ಇದು ಹಿಂದೂ ವಿರೋಧಿ, ಭಾರತ ವಿರೋಧಿ ಅಂದರು. ಮಾತೇ ಇಲ್ಲದ ನಾಟಕದ ಮೇಲೆ ಇಷ್ಟೊಂದು ಆರೋಪ ಹೊರಿಸಿದ್ದಾರೆ ಅಂದರೆ, ಅದು ಹೇಳಬೇಕಾದ್ದನ್ನು ಹೇಳಿದೆ ಅಂತಾಯಿತು.

ಅದೇ 1975ರಲ್ಲಿ ನಮ್ಮಲ್ಲಿ ‘ಸಮುದಾಯ’ ತಂಡ ಹುಟ್ಟಿತು. ನಮ್ಮ ಬೀದಿ ನಾಟಕ ಹಾಡು, ಘೋಷಣೆ, ಚುರುಕು ಮಾತುಗಳ ಮೇಲೆ ನಿಂತಿತು. ಅಲ್ಲಿ ಒಬ್ಬ ನಟಿ ಹಕ್ಕಿಯ ಹಾಗೆ ಉಸಿರಾಡೋದು ಹೇಗೆ ಅಂತ ಅಭ್ಯಾಸ ಮಾಡ್ತಾ ಇದ್ದರು. ಯಾವುದು ಹೆಚ್ಚು ಅನ್ನುವ ಸ್ಪರ್ಧೆ ಇಲ್ಲಿಲ್ಲ. ಆದರೆ ಪ್ರತಿಭಟನೆ ಅಂದರೆ ಮೈಕು ಅಂದುಕೊಂಡಿರುವ ನಮಗೆ ಇನ್ನೊಂದು ದಾರಿಯೂ ಇತ್ತು ಅನ್ನೋದು ಗೊತ್ತಿರಬೇಕು.

ತಾಯಿ ಪೆಬೆತ್ ಆಗಿದ್ದವರು ಸಾಬಿತ್ರಿ. ಕನ್ಹೈಲಾಲ್ ರಂಗಭೂಮಿ ಅಂತ ಹೇಳ್ತೀವಲ್ಲ, ನನಗೆ ಮೊದಲ ತಕರಾರು ಅಲ್ಲಿದೆ. ಸಾಬಿತ್ರಿ ಚಿಕ್ಕಂದಿನಿಂದ ಮಣಿಪುರದ ರಂಗದ ಮೇಲೆ ಬೆಳೆದವರು. ಮದುವೆಗೂ ಮೊದಲೇ ನಟಿ. ವಿಡಿಯೋ ತುಣುಕುಗಳಲ್ಲಿ ಅವರನ್ನು ನೋಡಿ. ತಾಯಿ ಹಕ್ಕಿಯ ಗಂಟಲಿನಿಂದ ಬರುವ ಸದ್ದು ಹಕ್ಕಿಯ ಮಿಮಿಕ್ರಿ ಅಲ್ಲ. ಮಿಮಿಕ್ರಿ ಮಾಡುವವನಿಗೆ ಹಕ್ಕಿ ಹೇಗೆ ಕೂಗುತ್ತೆ ಅಂತ ಗೊತ್ತಿದ್ದರೆ ಸಾಕು. ಇಲ್ಲಿ ಮೊದಲು ಭಯ ಮೈಗೆ ಬರುತ್ತೆ, ಬೆನ್ನು ಬಿಗಿಯುತ್ತೆ, ಉಸಿರು ಸಣ್ಣದಾಗುತ್ತೆ, ಆಮೇಲೆ ಆ ಸಣ್ಣ ಉಸಿರಿನಿಂದ ಸದ್ದು ಹೊರಡುತ್ತೆ. ಇಂಥ ನಾಟಕಕ್ಕೆ ಸ್ಕ್ರಿಪ್ಟ್ ಅಂತ ಒಂದು ಪುಸ್ತಕ ಮೊದಲೇ ಇರೋದಿಲ್ಲ. ತಾಲೀಮಿನ ಕೋಣೆಯಲ್ಲಿ ನಟರ ಮೈ ಏನು ಕಂಡುಕೊಳ್ಳುತ್ತೋ ಅದೇ ಸ್ಕ್ರಿಪ್ಟ್. ಹಾಗಾದರೆ ನಾಟಕಕಾರ ಯಾರು? ಪೋಸ್ಟರಿನಲ್ಲಿ ಹೆಸರು ಒಬ್ಬರದು. ಪ್ರಶಸ್ತಿಗಳ ಪಟ್ಟಿ ನೋಡಿ: ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಕನ್ಹೈಲಾಲ್‌ಗೆ 1985ರಲ್ಲಿ, ಸಾಬಿತ್ರಿಗೆ 1991ರಲ್ಲಿ. ಪದ್ಮಶ್ರೀ ಅವರಿಗೆ 2004ರಲ್ಲಿ, ಇವರಿಗೆ 2008ರಲ್ಲಿ. ಗಂಡ ಹೆಂಡತಿ ಸೇರಿ ಕಟ್ಟಿದ ಕೆಲಸಕ್ಕೆ ಎರಡು ಸಲವೂ ಹೆಂಡತಿಯ ಎಂಟ್ರಿ ಕೆಲವು ವರ್ಷ ತಡವಾಗಿ ಪೋಸ್ಟ್ ಆಗಿದೆ.

ಈಗ ಮಾರುಕಟ್ಟೆಗೆ ಬರೋಣ. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಪೆಬೆತ್‌ನಿಂದ ನೇರ ದ್ರೌಪದಿಗೆ ಹಾರಿಬಿಡ್ತಾರೆ. ನಡುವೆ 1978 ಇದೆ. ನನ್ನ ಲೆಕ್ಕ ನಿಂತಿರೋದೇ ಅದರ ಮೇಲೆ.

ಇಂಫಾಲದಲ್ಲಿ ಇಮಾ ಕೈಥೆಲ್ ಅನ್ನುವ ದೊಡ್ಡ ಮಾರುಕಟ್ಟೆ ಇದೆ. ಇಮಾ ಅಂದರೆ ಅಮ್ಮ. ಸಾವಿರಾರು ಮಂದಿ ವ್ಯಾಪಾರ ಮಾಡುತ್ತಾರೆ, ಅಷ್ಟೂ ಹೆಂಗಸರು. ಮೀನು, ತರಕಾರಿ, ಬಟ್ಟೆ, ಗಡಿಗೆ, ಎಲ್ಲ. 1978ರಲ್ಲಿ ಕನ್ಹೈಲಾಲ್ ಈ ಮಾರುಕಟ್ಟೆಯ ಹೆಂಗಸರನ್ನೇ ಕೂಡಿಸಿಕೊಂಡು ‘ನುಪಿ ಲಾನ್’ ಅನ್ನುವ ನಾಟಕ ಮಾಡಿದರು. ಅವರು ಯಾರೂ ತರಬೇತಿ ಪಡೆದ ನಟಿಯರಲ್ಲ. ನುಪಿ ಲಾನ್ ಅಂದರೆ ಹೆಂಗಸರ ಯುದ್ಧ. ಮಣಿಪುರದ ಇತಿಹಾಸದಲ್ಲಿ ಅಂಥ ಎರಡು ಯುದ್ಧಗಳಿವೆ.

ಮೊದಲನೆಯದು 1904ರಲ್ಲಿ. ಬ್ರಿಟಿಷ್ ಅಧಿಕಾರಿಯ ಸುಟ್ಟುಹೋದ ಬಂಗಲೆಯನ್ನು ಮತ್ತೆ ಕಟ್ಟೋಕೆ ಗಂಡಸರು ಬಿಟ್ಟಿ ದುಡಿಯಬೇಕು, ಮರ ಹೊತ್ತು ತರಬೇಕು ಅಂತ ಆಜ್ಞೆಯಾಯಿತು. ಹೆಂಗಸರು ಬೀದಿಗಿಳಿದರು, ಆಜ್ಞೆ ವಾಪಸ್ ಹೋಯಿತು. ಎರಡನೆಯದು 1939ರ ಡಿಸೆಂಬರ್ 12ರಂದು. ಊರಲ್ಲಿ ಅಕ್ಕಿ ಸಿಗ್ತಾ ಇಲ್ಲ, ಆದರೆ ಅಕ್ಕಿ ಹೊರಗೆ ರಫ್ತಾಗ್ತಾ ಇದೆ. ಹೆಂಗಸರು ದರ್ಬಾರಿನ ಅಧ್ಯಕ್ಷನಾಗಿದ್ದ ಬ್ರಿಟಿಷ್ ಅಧಿಕಾರಿಯನ್ನು ಟೆಲಿಗ್ರಾಫ್ ಆಫೀಸಿನಲ್ಲೇ ಸುತ್ತುವರಿದರು. ಮಹಾರಾಜರು ದೂರದ ನವದ್ವೀಪದಲ್ಲಿದ್ದಾರಾ? ಸರಿ, ಈಗಲೇ ತಂತಿ ಕಳಿಸು, ಉತ್ತರ ಬರುವ ತನಕ ನಾವೂ ಇಲ್ಲೇ ಇರ್ತೀವಿ ಅಂದರು. ಕೊನೆಗೆ ಅಸ್ಸಾಂ ರೈಫಲ್ಸ್ ಸೈನಿಕರು ಬಂದರು, ಬಂದೂಕಿನ ಬಯೋನೆಟ್‌ಗಳಿಂದ ಹೆಂಗಸರು ಗಾಯಗೊಂಡರು. ಡಿಸೆಂಬರ್ 12 ಮಣಿಪುರದಲ್ಲಿ ಇವತ್ತಿಗೂ ನುಪಿ ಲಾನ್ ದಿನ. ಅಸ್ಸಾಂ ರೈಫಲ್ಸ್ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತೆ.

1978ರ ನಾಟಕದಲ್ಲಿ ಇದ್ದವರು ಅದೇ ಮಾರುಕಟ್ಟೆಯಲ್ಲಿ, ಅದೇ ಕೆಲಸದಲ್ಲಿ ಅವರ ಜಾಗಕ್ಕೆ ಬಂದವರು. ನಿರ್ದೇಶಕ ಅವರಿಗೆ ‘ಹೀಗೆ ನಿಲ್ಲಿ’ ಅಂತ ಕಲಿಸಬೇಕಿತ್ತಾ? ಅಧಿಕಾರಿಯ ಮುಂದೆ ಕಾಲೂರಿ ನಿಲ್ಲೋದು ಹೇಗೆ ಅಂತ ಅವರಿಗೆ ಗೊತ್ತಿತ್ತು. ಗ್ರಾಹಕನ ಹತ್ತಿರ ಚೌಕಾಸಿ, ಪೊಲೀಸಿನವನ ಹತ್ತಿರ ಜಗಳ, ಸೊಂಟದ ಮೇಲೆ ಕೈ, ನೆಲದ ಮೇಲೆ ಇಡೀ ದಿನ ಕೂತ ಕಾಲು, ಇದೇ ತಾಲೀಮು. ಕನ್ಹೈಲಾಲ್ ಮುಂದೆ ತಮ್ಮ ಕೆಲಸವನ್ನು ‘ನೆಲದ ರಂಗಭೂಮಿ’ ಅನ್ನುವ ಅರ್ಥದಲ್ಲಿ ಕರೆದರು. ಆ ನೆಲದ ಒಂದು ದೊಡ್ಡ ಭಾಗ ಇಮಾ ಕೈಥೆಲ್‌ನ ನೆಲ ಅಂತ ನಾನು ಓದಿಕೊಳ್ತೀನಿ.

1980ರ ಸೆಪ್ಟೆಂಬರ್‌ನಲ್ಲಿ ಇಡೀ ಮಣಿಪುರವನ್ನು ‘ಪ್ರಕ್ಷುಬ್ಧ ಪ್ರದೇಶ’ ಅಂತ ಘೋಷಿಸಿದರು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಂದರೆ ಆಫ್‌ಸ್ಪಾ, ರಾಜ್ಯಕ್ಕೆಲ್ಲ ಬಂತು. ಸಂಶಯ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದು, ಗುಂಡು ಹಾರಿಸಬಹುದು, ಕೇಂದ್ರದ ಅನುಮತಿ ಇಲ್ಲದೆ ಕೇಸು ಹಾಕುವ ಹಾಗಿಲ್ಲ. ಅದೇ ಹೊತ್ತಿಗೆ ಮೊದಲು ಕುಡಿತದ ವಿರುದ್ಧ ಕಾವಲು ಕಾಯುತ್ತಿದ್ದ ಹೆಂಗಸರು ಈಗ ರಾತ್ರಿ ದೊಂದಿ ಹಿಡಿದು ಊರು ಕಾಯತೊಡಗಿದರು. ಸೈನಿಕರು ಹುಡುಗರನ್ನು ಎತ್ತಿಕೊಂಡು ಹೋಗೋಕೆ ಬಂದರೆ ಅಡ್ಡ ನಿಲ್ಲೋದು ಅವರ ಕೆಲಸ. ಮೈರಾ ಪೈಬಿ ಅಂತಾರೆ, ದೊಂದಿ ಹಿಡಿದವರು. ನಮ್ಮ ಕಡೆ ಅಮ್ಮಂದಿರು ಧಾರಾವಾಹಿ ನೋಡುವ ಹೊತ್ತಿಗೆ ಅಲ್ಲಿಯ ಅಮ್ಮಂದಿರು ವಿದ್ಯುತ್ ಕಂಬ ಬಡಿದು ಎಚ್ಚರಿಕೆ ಕೊಡ್ತಾ ಇದ್ದರು.

ಈ ಹಿನ್ನೆಲೆಯಲ್ಲಿ 2000ನೇ ಇಸವಿಯ ನಾಟಕವನ್ನು ನೋಡಿ. ಮೂಲ ಕತೆ ಮಹಾಶ್ವೇತಾ ದೇವಿ ಅವರದು, 1978ರಲ್ಲಿ ‘ಅಗ್ನಿಗರ್ಭ’ ಸಂಕಲನದಲ್ಲಿ ಬಂದದ್ದು. ದೋಪ್ದಿ ಮೆಝೆನ್ ಒಬ್ಬ ಸಂತಾಲ ಹೆಂಗಸು, ನಕ್ಸಲೈಟ್. ದ್ರೌಪದಿ ಅನ್ನುವ ಹೆಸರು ಅವಳ ಜನರ ಬಾಯಲ್ಲಿ ದೋಪ್ದಿ. ಸೇನಾನಾಯಕ ಅನ್ನುವ ಅಧಿಕಾರಿ ಅವಳನ್ನು ಹಿಡಿಸುತ್ತಾನೆ, ಸೈನಿಕರಿಗೆ ಒಪ್ಪಿಸುತ್ತಾನೆ. ರಾತ್ರಿ ಕಳೆಯುತ್ತದೆ. ಬೆಳಿಗ್ಗೆ ಬಟ್ಟೆ ಹಾಕಿಕೋ ಅಂದರೆ ಅವಳು ಹಾಕಿಕೊಳ್ಳುವುದಿಲ್ಲ. ಹಾಗೇ ನಡೆದು ಬಂದು ಅವನ ಎದುರು ನಿಲ್ಲುತ್ತಾಳೆ. ಕೈಯಲ್ಲಿ ಆಯುಧ ಇಲ್ಲದ ಈ ಹೆಂಗಸಿನ ಮುಂದೆ ಆ ಮಹಾ ಸೇನಾನಾಯಕನಿಗೆ ಜೀವನದಲ್ಲಿ ಮೊದಲ ಸಲ ಹೆದರಿಕೆಯಾಗುತ್ತದೆ.

ನಾವು ಯಕ್ಷಗಾನದಲ್ಲೋ ಗಮಕದಲ್ಲೋ ಟಿವಿಯಲ್ಲೋ ದ್ರೌಪದಿಯ ವಸ್ತ್ರಾಪಹರಣ ನೋಡಿದವರು. ಅಲ್ಲಿ ಕೃಷ್ಣ ಇದ್ದಾನೆ, ಸೀರೆ ಮುಗಿಯುವುದೇ ಇಲ್ಲ. ಮಹಾಶ್ವೇತಾ ಕತೆಯಲ್ಲಿ ಕೃಷ್ಣ ಬರುವುದಿಲ್ಲ. ಬಟ್ಟೆ ಬೇಡ ಅಂತ ಅವಳೇ ಹೇಳಿದ ಮೇಲೆ ಸೆಳೆಯುವವನ ಕೈಗೆ ಏನೂ ಕೆಲಸ ಉಳಿಯುವುದಿಲ್ಲ. ಕೆಲವರಿಗೆ ಇಲ್ಲಿ ಅಕ್ಕಮಹಾದೇವಿ ನೆನಪಾಗಬಹುದು. ಹೋಲಿಕೆ ಬೇಡ ಅಂತ ನಾನು ಹೇಳ್ತೀನಿ. ಅಕ್ಕ ಲೋಕದ ಹಂಗು ಬಿಟ್ಟು ಹೊರಟವಳು. ದೋಪ್ದಿ ಲೆಕ್ಕ ಕೇಳೋಕೆ ಲೋಕದ ಮುಂದೆ ಬಂದು ನಿಂತವಳು.

ಕತೆಯಲ್ಲಿ ಓದೋದು ಒಂದು, ರಂಗದ ಮೇಲೆ ಮಾಡೋದು ಇನ್ನೊಂದು. ಮೈತೇಯಿ ಹೆಂಗಸರು ಉಡುವ ಬಟ್ಟೆಗೆ ಫನೆಕ್ ಅಂತಾರೆ. ಅದಕ್ಕೆ ಅಲ್ಲಿ ಮಡಿ ಮೈಲಿಗೆಯ ದೊಡ್ಡ ಭಾರ ಇದೆ. ಹೆಂಗಸರ ಫನೆಕ್ ಮುಟ್ಟೋಕೆ ಗಂಡಸರು ಹಿಂಜರಿಯುತ್ತಾರೆ. ಅಂಥ ಊರಲ್ಲಿ, ಎಲ್ಲರಿಗೂ ಗುರುತಿರುವ, ಮಧ್ಯವಯಸ್ಸಿನ, ಮನೆಮನೆಗೂ ಗೊತ್ತಿರುವ ನಟಿಯೊಬ್ಬರು ಈ ದೃಶ್ಯ ಮಾಡಬೇಕು. ನಿರ್ದೇಶಕ ಗಂಡನೇ ಇರಬಹುದು, ಆದರೆ ನಿಲ್ಲುವ ಮೈ ಅವನದಲ್ಲ. ಮರುದಿನ ಬೆಳಿಗ್ಗೆ ತರಕಾರಿ ತರೋಕೆ ಹೋಗಬೇಕಾದವರೂ ಸಾಬಿತ್ರಿಯೇ. ಪ್ರಯೋಗಶೀಲ ರಂಗಭೂಮಿ ಅಂತ ಸುಲಭವಾಗಿ ಹೇಳ್ತೀವಿ. ಪ್ರಯೋಗದ ರಿಸ್ಕ್ ಯಾರ ಮೈಮೇಲೆ ಅಂತ ಯಾರೂ ಬರೆದಿಡೋದಿಲ್ಲ.

ಅದೇ ವರ್ಷದ ನವೆಂಬರ್ 2ರಂದು ಇಂಫಾಲದ ಹತ್ತಿರ ಮಾಲೋಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಸೇರಿ ಹತ್ತು ಜನ ಗುಂಡಿಗೆ ಸತ್ತರು. ಇರೋಮ್ ಶರ್ಮಿಳಾ ಉಪವಾಸ ಶುರುವಾಗಿದ್ದು ಅಲ್ಲಿಂದ. 2004ರ ಜುಲೈ 10ರ ರಾತ್ರಿ ಅಸ್ಸಾಂ ರೈಫಲ್ಸ್‌ನವರು ತಂಗ್ಜಾಮ್ ಮನೋರಮಾ ಅನ್ನುವ ಯುವತಿಯನ್ನು ಮನೆಯಿಂದ ಹಿಡಿದುಕೊಂಡು ಹೋದರು. ಮರುದಿನ ಗುಂಡೇಟು ಬಿದ್ದ ಹೆಣ ಸಿಕ್ಕಿತು.

ನಾಲ್ಕು ದಿನ ಆದ ಮೇಲೆ ಹನ್ನೆರಡು ಇಮಾಗಳು ಕಂಗ್ಲಾ ಗೇಟಿಗೆ ಬಂದರು. ಕಂಗ್ಲಾ ಮಣಿಪುರದ ರಾಜರ ಕೋಟೆ. 1891ರ ಯುದ್ಧದಲ್ಲಿ ಬ್ರಿಟಿಷರ ಕೈಗೆ ಹೋಯಿತು, ಸ್ವಾತಂತ್ರ್ಯ ಬಂದ ಮೇಲೂ ಜನರ ಕೈಗೆ ಬರಲಿಲ್ಲ. ಒಳಗೆ ಇದ್ದದ್ದು ಅಸ್ಸಾಂ ರೈಫಲ್ಸ್. ಬಂದವರಲ್ಲಿ ಹೆಚ್ಚಿನವರು ಮೈರಾ ಪೈಬಿಗಳು, ಮೊಮ್ಮಕ್ಕಳಿರುವ ವಯಸ್ಸಿನವರೂ ಇದ್ದರು. ಫನೆಕ್ ಕಳಚಿದರು. ಭಾರತೀಯ ಸೇನೆಯೇ, ನಮ್ಮ ಮೇಲೂ ಅತ್ಯಾಚಾರ ಮಾಡು ಅನ್ನುವ ಅರ್ಥದ ಬ್ಯಾನರು ಹಿಡಿದರು. ಬ್ಯಾನರು ಇಂಗ್ಲಿಷಿನಲ್ಲಿತ್ತು. ಇದನ್ನು ಮೊದಲು ಗಮನಿಸಿದಾಗ ನನಗೆ ಕನ್ಹೈಲಾಲ್ ದೆಹಲಿಯಿಂದ ವಾಪಸ್ ಬಂದದ್ದು ನೆನಪಾಯಿತು. ಓದಬೇಕಾದವರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದಿದ್ದರು. ಉಳಿದದ್ದಕ್ಕೆ ಭಾಷೆ ಬೇಕಿರಲಿಲ್ಲ.

ಈಗ ಲೆಕ್ಕಕ್ಕೆ ಬರ್ತೀನಿ. ನಾಟಕ ಮತ್ತು ಗೇಟು, ಎರಡರಲ್ಲೂ ಬೆತ್ತಲೆ ಮೈ ಇದೆ ಅನ್ನೋದು ಬಿಟ್ಟರೆ ಬಾಕಿ ಎಲ್ಲ ಬೇರೆ. ದೋಪ್ದಿ ತನಗೆ ಆದದ್ದನ್ನು ತೋರಿಸುತ್ತಾಳೆ. ಇಮಾಗಳು ಬಂದದ್ದು ಸತ್ತ ಮಗಳೊಬ್ಬಳ ಪರವಾಗಿ. ನಾವೆಲ್ಲ ಮನೋರಮಾಳ ತಾಯಂದಿರು, ಬನ್ನಿ ಅಂತ ಕರೆದರು. ನಾಟಕದಲ್ಲಿ ಲೈಟಿಗೆ, ಪ್ರೇಕ್ಷಕರ ಸಾಲಿಗೆ ಒಂದು ಅಳತೆ ಇದೆ, ಮುಗಿಯುವ ಹೊತ್ತಿದೆ. ಅಲ್ಲಿ ಹಗಲು ಬೆಳಕು, ಎದುರಿಗೆ ನಿಜವಾದ ಬಂದೂಕು. ನಾಟಕದ ಸೇನಾನಾಯಕ ಹೆದರುತ್ತಾನೆ ಅನ್ನೋದು ಮೊದಲೇ ನಿಶ್ಚಯವಾಗಿರುತ್ತೆ. ಗೇಟಿನ ಒಳಗಿದ್ದವರು ಏನು ಮಾಡ್ತಾರೆ ಅಂತ ಆ ಹನ್ನೆರಡು ಜನಕ್ಕೆ ಗೊತ್ತಿರಲಿಲ್ಲ. ಆಮೇಲೆ ಕೆಲವರು ಜೈಲಿಗೂ ಹೋಗಿಬಂದರು.

ಅವರು ನಿಂತದ್ದಕ್ಕೆ ವಂಶಾವಳಿ ಬೇಕಿದ್ದರೆ 1904 ಇದೆ, 1939 ಇದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ದೊಂದಿ ಇದೆ. ಅದನ್ನೆಲ್ಲ ಬಿಟ್ಟು ಎರಡು ಗಂಟೆಯೂ ಇಲ್ಲದ ಒಂದು ನಾಟಕದಿಂದ ಕಲಿತರು ಅನ್ನೋದು, ನಾಟಕದ ಮೇಲಿನ ಪ್ರೀತಿ ಅಲ್ಲ, ಸಾಮಾನ್ಯ ಹೆಂಗಸರಿಗೆ ಸ್ವಂತ ಯೋಚನೆ ಇರೋಕೆ ಸಾಧ್ಯವಿಲ್ಲ ಅನ್ನುವ ಹಳೇ ನಂಬಿಕೆ. ನಿಜವಾದ ಸಾಲದ ದಿಕ್ಕು ಉಲ್ಟಾ ಇದೆ. 1978ರಲ್ಲಿ ಮಾರುಕಟ್ಟೆ ರಂಗಭೂಮಿಗೆ ಕೊಟ್ಟಿತು. ಆ ಸಾಲ 2000ದಲ್ಲಿ ಸಾಬಿತ್ರಿಯ ಮೈಯಲ್ಲಿ ಕಾಣಿಸಿಕೊಂಡಿತು. ಇದರಿಂದ ನಾಟಕ ಸಣ್ಣದಾಗೋದಿಲ್ಲ. ಭವಿಷ್ಯ ಹೇಳಿದ ನಾಟಕ ಅಂತ ಹೊಗಳೋದಕ್ಕಿಂತ, ತನ್ನ ಊರಿನ ಹೆಂಗಸರನ್ನು ಸರಿಯಾಗಿ ನೋಡಿದ್ದ ನಾಟಕ ಅನ್ನೋದು ನನಗೆ ದೊಡ್ಡ ಮಾತು.

2004ರ ಆಗಸ್ಟ್‌ನಲ್ಲಿ ಇಂಫಾಲದ ಏಳು ವಿಧಾನಸಭಾ ಕ್ಷೇತ್ರಗಳಿಂದ ಆಫ್‌ಸ್ಪಾ ತೆಗೆದರು. ನವೆಂಬರ್ 20ರಂದು ಪ್ರಧಾನಿ ಮನಮೋಹನ್ ಸಿಂಗ್ ಕಂಗ್ಲಾ ಕೋಟೆಯನ್ನು ರಾಜ್ಯಕ್ಕೆ ಒಪ್ಪಿಸಿದರು. 1891ರಿಂದ ಮುಚ್ಚಿದ್ದ ಜಾಗ ಅದು. ಆ ಹನ್ನೆರಡು ಹೆಂಗಸರ ಮಾತು ಅವರ ಬಾಯಿಂದಲೇ ಬೇಕಿದ್ದರೆ ತೆರೇಸಾ ರೆಹಮಾನ್ ಬರೆದ ‘ದಿ ಮದರ್ಸ್ ಆಫ್ ಮಣಿಪುರ್’ ಓದಿ.

ಕನ್ಹೈಲಾಲ್ 2016ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅದಕ್ಕೂ ಹತ್ತು ವರ್ಷ ಮೊದಲು ಅವರು ಟ್ಯಾಗೋರರ ‘ಡಾಕ್‌ಘರ್’ ಮಾಡಿದ್ದರು. ಕಾಯಿಲೆ ಬಿದ್ದು ಕಿಟಕಿಯ ಪಕ್ಕ ಕೂತು ರಾಜನ ಕಾಗದಕ್ಕೆ ಕಾಯುವ ಪುಟ್ಟ ಹುಡುಗ ಅಮಲ್‌ನ ನಾಟಕ. ಅಮಲ್ ಆಗಿದ್ದವರು ಅರವತ್ತರ ಆಸುಪಾಸಿನ ಸಾಬಿತ್ರಿ. ವಯಸ್ಸು ಮುಚ್ಚಿಕೊಳ್ಳುವ ಮೇಕಪ್ಪಿನ ಜೋರಿಲ್ಲ, ಹುಡುಗನ ಹಾಗೆ ಮಾತಾಡುವ ಆಟವೂ ಇಲ್ಲ. ಬೆನ್ನು ಹಗುರಾಗುತ್ತೆ, ಕತ್ತು ಕಿಟಕಿಯ ಕಡೆ ಚಾಚುತ್ತೆ, ಅಷ್ಟೇ.

ಮುಂದಿನ ಸಂಚಿಕೆಯಲ್ಲಿ 1939ರ ಅಕ್ಕಿಯ ಲೆಕ್ಕ ನೋಡೋಣ. ಮಣಿಪುರದ ಗದ್ದೆಯ ಅಕ್ಕಿ ಯಾರ ಗಾಡಿಯಲ್ಲಿ, ಯಾವ ಮಿಲ್ಲಿಗೆ, ಯಾರ ಲಾಭಕ್ಕೆ ಹೋಗ್ತಾ ಇತ್ತು ಅಂತ.